ಮುಚ್ಚಳ ಬಿಗಿಯದ ಕ್ಯಾನು

ಮಂಡ್ಯ ಜಿಲ್ಲೆಯ ಆ ಹಳ್ಳಿಯಲ್ಲಿ, ಹಾಲಿನ ಡೇರಿಯ ಪಕ್ಕದ ಮನೆಯ ಜಗಲಿಯ ಮೇಲೆ ಒಂದು ಅಲ್ಯೂಮಿನಿಯಂ ಕ್ಯಾನು ಕುಳಿತಿರುತ್ತದೆ. ದೂರದಿಂದ ನೋಡಿದವರು ಅದನ್ನು ಹಾಲಿನ ಕ್ಯಾನೆಂದೇ ತಿಳಿಯುತ್ತಾರೆ. ಹತ್ತಿರ ಹೋದರೆ ವ್ಯತ್ಯಾಸ ಗೊತ್ತಾಗುತ್ತದೆ. ಹೊಟ್ಟೆ ದಪ್ಪ, ಕುತ್ತಿಗೆ ಮಾತ್ರ ತೀರ ಕಿರಿದು. ಮುಚ್ಚಳ ಎತ್ತಿದರೆ ಬಿಳಿಯ ಹೊಗೆಯಂಥದ್ದು ಹೊರಬಂದು, ಮೇಲೇರುವ ಬದಲು ಕ್ಯಾನಿನ ಮೈ ಸವರಿಕೊಂಡು ಕೆಳಗಿಳಿದು ನೆಲದ ಮೇಲೆ ಹರಿದು ಮಾಯವಾಗುತ್ತದೆ. ಒಳಗಿರುವುದು ದ್ರವ ಸಾರಜನಕ. ಅದರ ಉಷ್ಣತೆ ಸೊನ್ನೆಗಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗೆ. ಅದರಲ್ಲಿ ಮುಳುಗಿರುವುದು ಹಸುಗಳ ಕೃತಕ ಗರ್ಭಧಾರಣೆಗೆ ಬೇಕಾದ ವೀರ್ಯದ ಸಣ್ಣ ಸಣ್ಣ ನಳಿಕೆಗಳು.

ಆ ಮನೆಯ ಯಜಮಾನರು ಡಾಕ್ಟರಲ್ಲ. ತರಬೇತಿ ಪಡೆದ ಗರ್ಭಧಾರಣೆ ಕಾರ್ಯಕರ್ತರು, ಅಷ್ಟೆ. ಆದರೆ ಸುತ್ತಲ ನಾಲ್ಕು ಹಳ್ಳಿಗಳಿಗೆ ಅವರು ‘ಡಾಕ್ಟ್ರು’. ‘ಡಾಕ್ಟ್ರೇ, ಹಸ ಬೆದೆಗೆ ಬಂದೈತೆ, ಬಿರ್ರನೆ ಬನ್ನಿ’ ಎಂದು ಯಾರಾದರೂ ಬಾಗಿಲಲ್ಲಿ ಕೂಗಿದರೆ, ಅವರು ದೊಡ್ಡ ಕ್ಯಾನಿನಿಂದ ಚಿಕ್ಕ ಕ್ಯಾನಿಗೆ ಎರಡು ನಳಿಕೆ ದಾಟಿಸಿಕೊಂಡು, ಮೊಪೆಡ್ಡಿನ ಮುಂದೆ ಇಟ್ಟುಕೊಂಡು ಹೊರಟುಬಿಡುತ್ತಾರೆ.

ಅವರಿಗೆ ಒಬ್ಬಳೇ ಮಗಳು. ಕ್ಯಾನನ್ನು ಮುಟ್ಟಬಾರದು ಎಂಬುದು ಅವಳು ಕಲಿತ ಮೊದಲ ನಿಯಮ. ಮೂರನೆಯ ತರಗತಿಯಲ್ಲಿದ್ದಾಗ ಅವಳೊಂದು ಪ್ರಶ್ನೆ ಕೇಳಿದಳು.

‘ಅಪ್ಪಾ, ಹಾಲಿನ ಕ್ಯಾನಿಗೆ ಮುಚ್ಚಳ ಬಿಗಿಯಾಗಿ ಬಡೀತಾರೆ. ನೀನು ಯಾಕೆ ಇದನ್ನ ಸಡಿಲ ಬಿಟ್ಟಿದೀಯ?’

‘ಬಿಗಿದ್ರೆ ಒಡೀತದೆ ಕಣವ್ವ. ಅದಕ್ಕೂ ಉಸಿರಾಡ್ಬೇಕು.’

ಉತ್ತರ ಸರಿಯಾಗಿತ್ತು. ಒಂದು ಲೀಟರ್ ದ್ರವ ಸಾರಜನಕ ಆವಿಯಾದರೆ ಸುಮಾರು 700 ಲೀಟರ್ ಅನಿಲವಾಗುತ್ತದೆ. ಬಿಗಿದ ಪಾತ್ರೆಯಲ್ಲಿ ಆ ಅನಿಲಕ್ಕೆ ಜಾಗವೆಲ್ಲಿ? ಕ್ಯಾನಿಗೆ ಎರಡು ಗೋಡೆ, ನಡುವೆ ನಿರ್ವಾತ. ಸ್ಕಾಟ್ಲೆಂಡಿನ ವಿಜ್ಞಾನಿ ಜೇಮ್ಸ್ ಡ್ಯೂವರ್ 1892ರಲ್ಲಿ ಕಂಡುಹಿಡಿದ ಉಪಾಯವಿದು. ಮನೆಮನೆಯ ಕಾಫಿ ಫ್ಲಾಸ್ಕೂ ಅದೇ ಜಾತಿಯದು. ಆದರೆ ಎಷ್ಟೇ ಗಟ್ಟಿ ಗೋಡೆ ಕಟ್ಟಿದರೂ ಶಾಖ ಒಳಗೆ ನುಸುಳುವುದು ನಿಲ್ಲುವುದಿಲ್ಲ. ಕುತ್ತಿಗೆಯ ಮೂಲಕ ಇಳಿಯುತ್ತದೆ, ಗೋಡೆಯಿಂದ ಗೋಡೆಗೆ ಕಿರಣವಾಗಿ ದಾಟುತ್ತದೆ. ಒಳಗಿನ ದ್ರವ ಹಗಲೂ ರಾತ್ರಿ, ಸದ್ದಿಲ್ಲದೆ, ಕುದಿಯುತ್ತಲೇ ಇರುತ್ತದೆ. ಆ ಕುದಿತವೇ ಒಳಬಂದ ಶಾಖವನ್ನು ಹೊರಕ್ಕೆ ಹೊತ್ತೊಯ್ದು ಉಳಿದ ದ್ರವವನ್ನು ತಣ್ಣಗಿಡುತ್ತದೆ.

ಹಾಗಾಗಿ ಅತಿಶೀತ ದ್ರವವನ್ನು ‘ಇಟ್ಟು’ ಮರೆಯುವಂತಿಲ್ಲ. ‘ಡಾಕ್ಟ್ರ’ ಬಳಿ ಒಂದು ಅಳತೆ ಕಡ್ಡಿ ಇದೆ. ಅದನ್ನು ಕ್ಯಾನಿನ ತಳಕ್ಕೆ ಮುಟ್ಟಿಸಿ ಹೊರತೆಗೆದು ಗಾಳಿಯಲ್ಲಿ ಆಡಿಸಿದರೆ, ಎಲ್ಲಿಯವರೆಗೆ ಮುಳುಗಿತ್ತೋ ಅಲ್ಲಿಯವರೆಗೆ ಬಿಳಿಯ ಹಿಮ ಕೂರುತ್ತದೆ. ಅದರ ಎತ್ತರವನ್ನು ಅವರು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡುತ್ತಾರೆ. ಗೆರೆ ಒಂದು ಮಟ್ಟಕ್ಕಿಂತ ಕೆಳಗಿಳಿಯುವ ಮೊದಲೇ ಒಕ್ಕೂಟದ ಗಾಡಿ ಬಂದು ಸಾರಜನಕ ತುಂಬಿ ಹೋಗಬೇಕು. ಸಂಜೆ ದೀಪ ಹಚ್ಚಿದ ಮೇಲೆ ಅಪ್ಪ ಕಡ್ಡಿ ಅದ್ದುವುದನ್ನು ಮಗಳು ನೋಡುತ್ತಲೇ ಬೆಳೆದಳು.

2019ರ ಜುಲೈ ತಿಂಗಳು. ಮಗಳು ಆಗ ದ್ವಿತೀಯ ಪಿ.ಯು.ಸಿ. ವಿಜ್ಞಾನ ವಿದ್ಯಾರ್ಥಿನಿ. ಜುಲೈ 15ರ ನಸುಕಿನ 2 ಗಂಟೆ 51 ನಿಮಿಷಕ್ಕೆ ಶ್ರೀಹರಿಕೋಟಾದಿಂದ ಚಂದ್ರಯಾನ-2 ಹೊರಡುವುದಿತ್ತು. ಮನೆಯಲ್ಲಿ ಯಾರೂ ಮಲಗಲಿಲ್ಲ. ಪಕ್ಕದ ಮನೆಯವರೂ ಬಂದು ಟಿ.ವಿ. ಮುಂದೆ ಚಾಪೆ ಹಾಸಿ ಕುಳಿತರು. ಮಗಳು ಎಲ್ಲರಿಗೂ ವಿವರಿಸುತ್ತಿದ್ದಳು. ರಾಕೆಟ್ಟಿನ ಮೇಲಿನ ಹಂತದಲ್ಲಿ ಸುಮಾರು 28 ಟನ್ ಅತಿಶೀತ ದ್ರವ ಇರುತ್ತದೆ. ಉರಿಯುವುದು ಜಲಜನಕ, ಉರಿಸುವುದು ಆಮ್ಲಜನಕ. ಆಮ್ಲಜನಕ ಸೊನ್ನೆಗಿಂತ 183 ಡಿಗ್ರಿ ಕೆಳಗೆ, ಜಲಜನಕ 253 ಡಿಗ್ರಿ ಕೆಳಗೆ.

‘ನಮ್ಮ ಕ್ಯಾನಿಗಿಂತ ತಣ್ಣಗಾ?’ ಎಂದರು ಅಪ್ಪ.

‘ಅದರ ಮುಂದೆ ನಿನ್ನ ಕ್ಯಾನು ಒಲೆ ಇದ್ದ ಹಾಗೆ. ನಿನ್ನ ಸಾರಜನಕ ಅಲ್ಲಿಗೆ ಹೋದ್ರೆ ಗಡ್ಡೆ ಕಟ್ತದೆ.’

ಅದು ತಮಾಷೆಯ ಮಾತಾಗಿರಲಿಲ್ಲ. ಸಾರಜನಕ ಸೊನ್ನೆಗಿಂತ 210 ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತದೆ. ದ್ರವ ಜಲಜನಕದ ಕೊಳವೆಯೊಳಗೆ ಗಾಳಿ ಉಳಿದಿದ್ದರೆ ಅದು ಗಟ್ಟಿಯಾಗಿ ಕವಾಟಗಳನ್ನು ಕಚ್ಚಿಹಿಡಿಯುತ್ತದೆ. ಆ ಚಳಿಯಲ್ಲೂ ಅನಿಲವಾಗಿಯೇ ಉಳಿಯುವುದು ಹೀಲಿಯಂ ಒಂದೇ. ಆದ್ದರಿಂದ ಜಲಜನಕ ತುಂಬುವ ಮೊದಲು ಆ ದಾರಿಯಲ್ಲಿ ಹೀಲಿಯಂ ಹಾಯಿಸಿ ಗುಡಿಸಬೇಕು.

ಇಷ್ಟೊಂದು ತಾಪತ್ರಯದ ವಸ್ತುವನ್ನು ಯಾಕೆ ಬಳಸಬೇಕು ಎಂದು ಪಕ್ಕದ ಮನೆಯವರು ಕೇಳಿದ್ದು ಸಹಜವೇ. ಪ್ರತಿ ಕಿಲೊ ಲೆಕ್ಕ ಹಾಕಿದರೆ ಈ ಜೋಡಿ ಕೊಡುವ ನೂಕು ಘನ ಇಂಧನ ಕೊಡುವುದಕ್ಕಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚು. ಭಾರವಾದ ಉಪಗ್ರಹ ದೂರ ಹೋಗಬೇಕಾದರೆ ಇದರಷ್ಟು ಒಳ್ಳೆಯ ದಾರಿ ಇನ್ನೊಂದಿಲ್ಲ. ಆದರೆ ಜಲಜನಕವನ್ನು ಸಾಕುವುದು ಕಷ್ಟ. ಒಂದು ಲೀಟರ್ ಹಾಲು ಒಂದು ಕಿಲೊಗಿಂತ ತುಸು ಹೆಚ್ಚು ತೂಗಿದರೆ, ಒಂದು ಲೀಟರ್ ದ್ರವ ಜಲಜನಕ ತೂಗುವುದು 71 ಗ್ರಾಂ ಮಾತ್ರ. ರಾಕೆಟ್ಟಿನಲ್ಲಿ ತೂಕದ ಲೆಕ್ಕಕ್ಕೆ ಆಮ್ಲಜನಕವೇ ಐದು ಪಟ್ಟು. ಆದರೂ ದೊಡ್ಡ ತೊಟ್ಟಿ ಬೇಕಾಗುವುದು ಜಲಜನಕಕ್ಕೆ. ತೊಟ್ಟಿ ದೊಡ್ಡದಾದಷ್ಟೂ ಶಾಖ ನುಗ್ಗುವ ಮೈ ಹೆಚ್ಚು. ಅದರ ಅಣು ಎಷ್ಟು ಸಣ್ಣದೆಂದರೆ ಬೇರೆ ಅನಿಲಗಳು ದಾಟಲಾರದ ಸಂದಿಯಲ್ಲೂ ಅದು ನುಸುಳುತ್ತದೆ. ಸೋರಿ ಹೊತ್ತಿಕೊಂಡರೆ ಹಗಲಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದೇ ಕಷ್ಟ. ಆದಕಾರಣ ಅದನ್ನು ಹಿಂದಿನ ದಿನವೇ ತುಂಬಿಟ್ಟುಕೊಂಡು ಆರಾಮಾಗಿ ಇರಲಾಗುವುದಿಲ್ಲ. ಹೊರಡುವ ಕೆಲವೇ ಗಂಟೆಗಳ ಮೊದಲು ತುಂಬಬೇಕು. ಎಸರಿಟ್ಟ ಪಾತ್ರೆಗೆ ಆಗಾಗ ನೀರು ಸೇರಿಸುವಂತೆ, ಕುದಿದು ಹೋದಷ್ಟನ್ನು ಮತ್ತೆ ಸೇರಿಸುತ್ತಲೇ ಇರಬೇಕು.

ಗಡಿಯಾರ ಹಿಂದಕ್ಕೆ ಎಣಿಸುತ್ತ ಬಂತು. ಇನ್ನು 56 ನಿಮಿಷ 24 ಸೆಕೆಂಡು ಇದೆ ಎನ್ನುವಾಗ ಎಣಿಕೆ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ, ವಾಹನದಲ್ಲಿ ತಾಂತ್ರಿಕ ದೋಷ ಕಂಡುಬಂದಿದೆ, ಇಂದಿನ ಉಡಾವಣೆ ಇಲ್ಲ ಎಂಬ ಪ್ರಕಟಣೆ ಬಂತು. ರಾಷ್ಟ್ರಪತಿಗಳೇ ನೋಡಲು ಬಂದಿದ್ದ ಉಡಾವಣೆ ಅದು. ಪಕ್ಕದ ಮನೆಯವರು ‘ನಿದ್ದೆ ಹಾಳಾಯ್ತು’ ಎಂದು ಚಾಪೆ ಸುತ್ತಿಕೊಂಡು ಹೊರಟರು. ಮಗಳ ಕಣ್ಣಲ್ಲಿ ನೀರು ಬಂದಿತ್ತು. ಅಪ್ಪ ಮಾತ್ರ ಟಿ.ವಿ. ಆರಿಸದೆ ಕುಳಿತಿದ್ದರು.

‘ನಿಲ್ಲಿಸಿದ್ದು ಒಳ್ಳೇದಾಯ್ತು’ ಎಂದರು.

‘ಒಳ್ಳೇದಾ? ಎಲ್ಲ ತುಂಬಿಸಿ ಆದಮೇಲೆ ನಿಲ್ಲಿಸೋದು ಅವಮಾನ ಅಲ್ವಾ ಅಪ್ಪಾ?’

ಆಗ ಅವರು ಮಗಳಿಗೆ ಅದುವರೆಗೆ ಹೇಳದಿದ್ದ ಒಂದು ಸಂಗತಿ ಹೇಳಿದರು.

ಮಗಳು ಇನ್ನೂ ತೊಟ್ಟಿಲಲ್ಲಿದ್ದ ಕಾಲ. ಗೌರಿ ಹಬ್ಬಕ್ಕೆ ಹೆಂಡತಿಯ ತವರಿಗೆ ಹೋದವರು ನಾಲ್ಕು ದಿನ ನಿಂತರು. ಹೊರಡುವ ಮೊದಲು ಕ್ಯಾನಿನ ಹೊರಮೈ ಬೆವರಿದ್ದನ್ನು ಕಂಡಿದ್ದರು. ಕ್ಯಾನು ಬೆವರುವುದೆಂದರೆ ಗೋಡೆಗಳ ನಡುವಿನ ನಿರ್ವಾತ ಕೆಟ್ಟಿದೆ ಎಂದು ಅರ್ಥ. ತರಬೇತಿಯಲ್ಲಿ ಹೇಳಿಕೊಟ್ಟದ್ದು ನೆನಪಿರಲಿಲ್ಲವೆಂದಲ್ಲ, ಬಸ್ಸಿಗೆ ಹೊತ್ತಾಗಿತ್ತು. ಹಿಂದಿರುಗಿ ಬಂದು ಕಡ್ಡಿ ಅದ್ದಿದರೆ ಹಿಮದ ಗೆರೆಯೇ ಮೂಡಲಿಲ್ಲ. ಕ್ಯಾನು ಒಣಗಿತ್ತು. ಅವರು ಯಾರಿಗೂ ಹೇಳಲಿಲ್ಲ. ಬೇರೊಂದು ಕ್ಯಾನು ತಂದು, ಸಾರಜನಕ ತುಂಬಿಸಿ, ಅವೇ ನಳಿಕೆಗಳನ್ನು ಮತ್ತೆ ಮುಳುಗಿಸಿದರು. ನೋಡಲು ಅವು ಮೊದಲಿನಂತೆಯೇ ಇದ್ದವು. ಒಮ್ಮೆ ಬಿಸಿಯಾಗಿ ಸತ್ತ ವೀರ್ಯಾಣು ಮತ್ತೆ ತಣ್ಣಗಾದರೆ ಬದುಕುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಕೆಲವಾದರೂ ಉಳಿದಿದ್ದಾವು ಎಂದು ಸಮಾಧಾನ ಹೇಳಿಕೊಂಡರು.

ಆ ನಳಿಕೆಗಳನ್ನು ಹನ್ನೊಂದು ಹಸುಗಳಿಗೆ ಕೊಟ್ಟರು. ಸುಮಾರು ಇಪ್ಪತ್ತೊಂದು ದಿನಕ್ಕೆ ಒಂದೊಂದಾಗಿ ಹನ್ನೊಂದೂ ಮತ್ತೆ ಬೆದೆಗೆ ಬಂದವು. ಒಂದು ಬೆದೆ ತಪ್ಪಿದರೆ ಮೂರು ವಾರದ ಮೇವು ದಂಡ, ಕರು ಹುಟ್ಟುವುದೂ ಹಾಲು ಬರುವುದೂ ಅಷ್ಟು ತಡ. ಅದರಲ್ಲಿ ಒಬ್ಬರು ಗಂಡ ತೀರಿಕೊಂಡ ಹೆಂಗಸು. ಒಂದೇ ಹಸುವಿನ ಮೇಲೆ ಮಕ್ಕಳ ಶಾಲೆಯ ಖರ್ಚು ನಡೆಯುತ್ತಿತ್ತು. ‘ನನ್ನ ಹಸದಲ್ಲೇ ಏನೋ ದೋಷ ಇರ್ಬೇಕು ಡಾಕ್ಟ್ರೇ, ಮಾರ್ಬಿಡ್ಲಾ?’ ಎಂದು ಆಕೆ ಕೇಳಿದಾಗ ಇವರಿಗೆ ತಡೆಯಲಾಗಲಿಲ್ಲ. ಉಳಿದ ನಳಿಕೆಗಳನ್ನೆಲ್ಲ ಎಸೆದರು. ಹನ್ನೊಂದು ಮನೆಗೂ ನಡೆದುಹೋಗಿ, ತಪ್ಪು ಹಸುವಿನದಲ್ಲ, ನನ್ನದು ಎಂದು ಹೇಳಿ ಬಂದರು. ಇಬ್ಬರು ಬೈದರು. ಒಬ್ಬರು ವರ್ಷಗಟ್ಟಲೆ ಅವರನ್ನು ಕರೆಯಲೇ ಇಲ್ಲ. ಆ ಹೆಂಗಸು ಮಾತ್ರ ಹಸುವನ್ನು ಮಾರಲಿಲ್ಲ.

‘ಕ್ಯಾನು ಸೋರಿದ್ದು ನನ್ನ ತಪ್ಪಲ್ಲ ಕಣವ್ವ. ಸೋರಿದ್ದು ಕಂಡೂ ಬಸ್ಸು ಹತ್ತಿದ್ದು ತಪ್ಪು. ಆಮೇಲೆ ಬಾಯಿ ಮುಚ್ಕೊಂಡಿದ್ದು ಅದಕ್ಕಿಂತ ದೊಡ್ಡ ತಪ್ಪು. ಇವ್ರು ನೋಡು, ಇಡೀ ದೇಶ ನೋಡ್ತಾ ಕೂತಿರುವಾಗ ಬಸ್ಸು ಹತ್ತಲಿಲ್ಲ.’

ಕಾರಣ ಹೀಲಿಯಂ ಅನಿಲದ ಸೋರಿಕೆ ಎಂದು ಪತ್ರಿಕೆಗಳು ಬರೆದವು. ತುಂಬಿದ ಅತಿಶೀತ ದ್ರವಗಳನ್ನೆಲ್ಲ ಹೊರತೆಗೆದು, ದೋಷ ಸರಿಪಡಿಸಿ, ಒಂದೇ ವಾರದಲ್ಲಿ, ಜುಲೈ 22ರ ಮಧ್ಯಾಹ್ನ 2 ಗಂಟೆ 43 ನಿಮಿಷಕ್ಕೆ ರಾಕೆಟ್ ಮೇಲೇರಿತು. ಆ ದಿನ ಮಗಳು ಕಾಲೇಜಿನಲ್ಲಿದ್ದಳು.

ಆ ನಸುಕಿನ ನಂತರ ಅವಳು ಈ ವಿಷಯದ ಬೆನ್ನು ಬಿಡಲಿಲ್ಲ. ಕಾಲೇಜಿನ ವಿಚಾರ ಸಂಕಿರಣಕ್ಕೆ ಭಾರತದ ಕ್ರಯೋಜೆನಿಕ್ ಎಂಜಿನ್ನಿನ ಕಥೆಯನ್ನೇ ಆರಿಸಿಕೊಂಡಳು. 1991ರಲ್ಲಿ ಸೋವಿಯತ್ ಸಂಸ್ಥೆ ಗ್ಲಾವ್‌ಕಾಸ್ಮಾಸ್ ಜೊತೆ ಎಂಜಿನ್ನಿನ ಒಪ್ಪಂದವಾದದ್ದು, 1992ರಲ್ಲಿ ಅಮೆರಿಕ ಇಬ್ಬರ ಮೇಲೂ ನಿರ್ಬಂಧ ಹೇರಿದ್ದು, 1993ರಲ್ಲಿ ಎಂಜಿನ್ ಕೊಡಲೊಪ್ಪಿದ ರಷ್ಯಾ ಅದನ್ನು ಮಾಡುವ ವಿದ್ಯೆಯನ್ನು ಕೊಡಲು ಹಿಂದೆ ಸರಿದದ್ದು, 1994ರಲ್ಲಿ ಇಸ್ರೊ ಸ್ವಂತ ಯೋಜನೆ ಆರಂಭಿಸಿದ್ದು. ಸ್ವದೇಶಿ ಎಂಜಿನ್ನಿನ ಮೊದಲ ಹಾರಾಟ 2010ರ ಏಪ್ರಿಲ್ 15ರಂದು. ಅದು ಸೋತಿತು, ಜಲಜನಕವನ್ನು ಎತ್ತಿಕೊಡುವ ಸಣ್ಣ ಪಂಪು ನಿಂತುಹೋಗಿತ್ತು. 2013ರ ಆಗಸ್ಟ್ 19ರಂದು ಮತ್ತೊಂದು ರಾಕೆಟ್ ಸಿದ್ಧವಾಗಿ ನಿಂತಿದ್ದಾಗ, ಹೊರಡಲು 1 ಗಂಟೆ 14 ನಿಮಿಷ ಇರುವಾಗ, ಎರಡನೆಯ ಹಂತದಲ್ಲಿ ಇಂಧನ ಸೋರುವುದು ಕಂಡು ಎಣಿಕೆ ನಿಲ್ಲಿಸಿದರು. ಅದೇ ರಾಕೆಟ್ 2014ರ ಜನವರಿ 5ರಂದು ಹಾರಿ, ಸ್ವದೇಶಿ ಕ್ರಯೋಜೆನಿಕ್ ಎಂಜಿನ್ ಮೊದಲ ಬಾರಿಗೆ ಗೆದ್ದಿತು. ಯೋಜನೆ ಆರಂಭವಾಗಿ ಇಪ್ಪತ್ತು ವರ್ಷ ಕಳೆದಿತ್ತು.

ಸಿ.ಇ.ಟಿ. ಮುಗಿದು ಅವಳು ಮೆಕ್ಯಾನಿಕಲ್ ಎಂಜಿನಿಯರಿಂಗ್ ಸೇರಿದ್ದು 2020ರಲ್ಲಿ. ಕೊರೊನಾ ಕಾಲ. ಪಾಠವೆಲ್ಲ ಮೊಬೈಲಿನಲ್ಲಿ, ಮನೆಯಲ್ಲಿ ಸಿಗ್ನಲ್ ಸಿಗದೆ ಡೇರಿಯ ಕಟ್ಟೆಯ ಮೇಲೆ ಕುಳಿತು ಕೇಳಬೇಕಿತ್ತು. 2021ರ ಆಗಸ್ಟ್ 12ರ ಬೆಳಗ್ಗೆ 5 ಗಂಟೆ 43 ನಿಮಿಷಕ್ಕೆ ಜಿ.ಎಸ್.ಎಲ್.ವಿ. ಹೊರಟಾಗಲೂ ಅಪ್ಪ ಮಗಳು ಅದೇ ಕಟ್ಟೆಯ ಮೇಲಿದ್ದರು. ಹಾಲು ಹಾಕಲು ಬಂದವರೂ ಕ್ಯಾನು ಕೆಳಗಿಟ್ಟು ಮೊಬೈಲಿನೊಳಗೆ ಇಣುಕಿದರು. ಮೊದಲ ಹಂತ ಚೆನ್ನಾಗಿ ನಡೆಯಿತು, ಎರಡನೆಯದೂ ನಡೆಯಿತು. ಸುಮಾರು ಐದು ನಿಮಿಷಕ್ಕೆ ಕ್ರಯೋಜೆನಿಕ್ ಹಂತ ಹೊತ್ತಿಕೊಳ್ಳಬೇಕಾದಾಗ ತೆರೆಯ ಮೇಲಿನ ಗೆರೆ ದಾರಿ ತಪ್ಪಿ ಕೆಳಗಿಳಿಯತೊಡಗಿತು. ಭೂಮಿಯನ್ನು ಮೇಲಿನಿಂದ ನೋಡಬೇಕಿದ್ದ ಉಪಗ್ರಹ ಕಳೆದುಹೋಯಿತು.

ಏನಾಯಿತೆಂದು ಪರಿಶೀಲಿಸಿದ ಸಮಿತಿಯ ವರದಿಯ ಸಾರವನ್ನು ಇಸ್ರೊ 2022ರಲ್ಲಿ ಪ್ರಕಟಿಸಿತು. ರಜೆಗೆ ಊರಿಗೆ ಬಂದಿದ್ದ ಮಗಳು ಅದನ್ನು ಅಪ್ಪನಿಗೆ ಓದಿ ಹೇಳಿದಳು. ಎಂಜಿನ್ ಹೊತ್ತಿಕೊಳ್ಳುವ ಹೊತ್ತಿಗೆ ಜಲಜನಕದ ತೊಟ್ಟಿಯಲ್ಲಿ ಇರಬೇಕಾದಷ್ಟು ಒತ್ತಡ ಇರಲಿಲ್ಲ. ತೊಟ್ಟಿಯೊಳಗಿನ ಪಂಪು ಸರಿಯಾಗಿ ಓಡಲಿಲ್ಲ. ಎಂಜಿನ್ನಿಗೆ ಸಾಕಷ್ಟು ಇಂಧನ ತಲುಪಲಿಲ್ಲ.

‘ಒತ್ತಡ ಯಾಕೆ ಬೇಕು? ಪಂಪು ಎಳ್ಕೊಳಲ್ವಾ?’ ಅಪ್ಪ ಕೇಳಿದರು.

‘ನಮ್ಮ ಗದ್ದೆ ಪಂಪ್‌ಸೆಟ್ಟು ಗಾಳಿ ಹಿಡ್ಕೊಂಡ್ರೆ ಏನಾಗ್ತದೆ?’

‘ಮೋಟ್ರು ಓಡ್ತದೆ, ನೀರು ಬರಲ್ಲ.’

‘ಇದೂ ಹಾಗೇ. ಆ ಜಲಜನಕ ಕುದಿಯೋಕೆ ಕಾಯ್ತಾ ಇರೋ ದ್ರವ. ಮೇಲಿನ ಒತ್ತಡ ಇಳಿದ್ರೆ ಕುದಿದು ಆವಿ ಆಗ್ತದೆ. ಪಂಪಿಗೆ ದ್ರವ ಸಿಗೋದಿಲ್ಲ.’

‘ಸರಿ, ಒತ್ತಡ ಯಾಕೆ ಇಳೀತು?’

ಬಹುತೇಕ ಸಾಧ್ಯತೆ ಒಂದು ಕವಾಟದ್ದು ಎಂದಿತ್ತು ವರದಿ. ತೊಟ್ಟಿಯಲ್ಲಿ ಒತ್ತಡ ಅತಿಯಾದಾಗ ತೆರೆದು, ಹೆಚ್ಚಾದ ಆವಿಯನ್ನು ಹೊರಬಿಟ್ಟು, ಮತ್ತೆ ಮುಚ್ಚಿಕೊಳ್ಳಬೇಕಾದ ಕವಾಟ. ಅದರ ಮೆತ್ತನೆಯ ಬಿರಡೆಗೆ ಎಲ್ಲೋ ಪೆಟ್ಟಾಗಿ ಆವಿ ಸೋರುತ್ತಲೇ ಹೋಗಿರಬೇಕು. ತೆರೆದು ಮುಚ್ಚುವಾಗ ಆದ ಪೆಟ್ಟಿರಬಹುದು. ಇಲ್ಲವೆ ಕಸ ಸೇರಿಯೋ, ಅತಿ ಚಳಿಯಲ್ಲಿ ಜೋಡಣೆ ಬಿಗಿದುಕೊಂಡೋ ಆದದ್ದಿರಬಹುದು.

ಅಪ್ಪ ಜಗಲಿಯ ಮೇಲಿದ್ದ ಕ್ಯಾನಿನ ಕಡೆ ನೋಡಿದರು. ‘ಅಂದ್ರೆ ಮುಚ್ಚಳ. ಬಿಗಿ ಹಾಕಿದ್ರೆ ಒಡೀತದೆ. ತೀರ ಸಡಿಲ ಆದ್ರೆ ಸೋರಿಹೋಗ್ತದೆ.’

ವರದಿ ಬರಿಯ ದೋಷ ಹೇಳಿ ಮುಗಿದಿರಲಿಲ್ಲ. ಮುಂದಿನ ಹಾರಾಟಗಳಲ್ಲಿ ಎಂಜಿನ್ ಹೊತ್ತುವ ಮುನ್ನ ಜಲಜನಕದ ತೊಟ್ಟಿಯ ಒತ್ತಡವನ್ನು ಬೇಕಾದ ಮಟ್ಟಕ್ಕೆ ಏರಿಸುವ ವ್ಯವಸ್ಥೆ ಇರಬೇಕು, ಕವಾಟವನ್ನೂ ಅದರ ಕೊಳವೆಗಳನ್ನೂ ಸೋರದಂತೆ ಬಲಪಡಿಸಬೇಕು, ಹೊರಡಲು ಅಪ್ಪಣೆ ಕೊಡುವ ಮುನ್ನ ಕ್ರಯೋಜೆನಿಕ್ ಹಂತದ ಇನ್ನಷ್ಟು ಸಂಗತಿಗಳನ್ನು ಯಂತ್ರವೇ ಗಮನಿಸುತ್ತಿರಬೇಕು ಎಂದು ಸಮಿತಿ ಹೇಳಿತ್ತು. ಮೂರೂ ಸಲಹೆ ಓದಿದ ಮೇಲೆ ಮಗಳು ಮೊಬೈಲ್ ಕೆಳಗಿಟ್ಟು ಸುಮ್ಮನೆ ಕುಳಿತಳು.

‘ಅಪ್ಪಾ, ಒಂದು ವಿಷಯ ಹೇಳ್ಬೇಕು. ಎರಡನೇ ಸೆಮಿಸ್ಟರ್ ಗಣಿತ ಹೋಗಿದೆ. ರಿಸಲ್ಟ್ ಬಂದು ಬಹಳ ದಿನ ಆಯ್ತು.’

ಅಡುಗೆ ಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಸಾಲ ಮಾಡಿ ಓದಿಸುತ್ತಿದ್ದ ಮನೆ ಅದು. ವಾರಕ್ಕೊಮ್ಮೆ ಫೋನಿನಲ್ಲಿ ‘ಹೇಗಿದೆ ಓದು?’ ಎಂದರೆ ‘ಚೆನ್ನಾಗಿದೆ’ ಎನ್ನುತ್ತಿದ್ದಳು. ಕೇಳಿದವರಿಗೂ ಅಷ್ಟೇ ಸಾಕಾಗಿತ್ತು.

ಅಪ್ಪನಿಗೆ ಸಿಟ್ಟು ಬಂದದ್ದು ನಿಜ. ಹಿಂದಿನವರಂತೆ ಕೂಗಾಡಬೇಕೆನ್ನಿಸಿದ್ದೂ ನಿಜ. ಆದರೆ ಹನ್ನೊಂದು ಮನೆಯ ಬಾಗಿಲು ನೆನಪಾಗಿರಬೇಕು. ಅವರು ಕೇಳಿದ್ದು ಎರಡೇ ಪ್ರಶ್ನೆ.

‘ಯಾವಾಗಿಂದ ಗೊತ್ತಾಗ್ತಿರ್ಲಿಲ್ಲ?’

‘ಮೊದಲಿಂದ. ಸಿಗ್ನಲ್ ಕಟ್ಟಾದಾಗ ಹೋದ ಪಾಠ ಮತ್ತೆ ಸಿಗಲೇ ಇಲ್ಲ. ಕೇಳೋಕೆ ನಾಚಿಕೆ ಆಯ್ತು. ನೀನು ಎಲ್ಲರ ಹತ್ರಾನೂ ನನ್ನ ಮಗಳು ರಾಕೆಟ್ ಮಾಡ್ತಾಳೆ ಅಂತಿದ್ದೆ.’

‘ಇನ್ನೂ ಏನಾದ್ರೂ ಸೋರ್ತಾ ಇದೆಯಾ?’

‘ಇಲ್ಲ. ಅದೊಂದೇ.’

ಅಂದಿನಿಂದ ಆ ಮನೆಯಲ್ಲಿ ‘ನನ್ನ ಮಗಳು ರಾಕೆಟ್ ಮಾಡ್ತಾಳೆ’ ಎಂಬ ಮಾತು ಕೇಳಿಬರಲಿಲ್ಲ. ಪಕ್ಕದ ಊರಿನ ನಿವೃತ್ತ ಮೇಷ್ಟರೊಬ್ಬರು ರಜೆಯಲ್ಲಿ ಗಣಿತ ಹೇಳಿಕೊಟ್ಟರು. ಫೋನಿನಲ್ಲಿ ಅಪ್ಪ ‘ಹೇಗಿದೆ ಓದು?’ ಎನ್ನುವ ಬದಲು ‘ಈ ವಾರ ಯಾವುದು ಗೊತ್ತಾಗ್ಲಿಲ್ಲ?’ ಎಂದು ಕೇಳತೊಡಗಿದರು. ಉತ್ತರದ ಗಣಿತ ಅವರಿಗೆ ಒಂದಕ್ಷರವೂ ಅರ್ಥವಾಗುತ್ತಿರಲಿಲ್ಲ. ಆದರೂ ಅವಳು ಹೇಳುತ್ತಿದ್ದಳು, ಅವರು ಹೂಂಗುಟ್ಟುತ್ತಿದ್ದರು. ಮುಂದಿನ ಪರೀಕ್ಷೆಯಲ್ಲಿ ಆ ವಿಷಯ ಪಾಸಾಯಿತು. ದೊಡ್ಡ ಅಂಕವೇನೂ ಬರಲಿಲ್ಲ.

ಜಿ.ಎಸ್.ಎಲ್.ವಿ. ಮತ್ತೆ ಹಾರಿದ್ದು 2023ರ ಮೇ 29ರಂದು. ಈ ಬಾರಿ ಕ್ರಯೋಜೆನಿಕ್ ಹಂತ ಹೊತ್ತಿಕೊಂಡು ಪಥ ಸೂಚಿಸುವ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಅದೇ ವರ್ಷ ಜುಲೈ 14ರಂದು ಅದರ ಅಣ್ಣನಂಥ ಎಲ್.ವಿ.ಎಂ.-3 ಚಂದ್ರಯಾನ-3ನ್ನು ಹೊತ್ತೊಯ್ದಿತು. ಆಗಸ್ಟ್ 23ರಂದು ಅದು ಚಂದ್ರನ ಮೇಲಿಳಿಯಿತು.

ಮಗಳು ಈಗ ಬೆಂಗಳೂರಿನಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿ. ಕ್ರಯೋಜೆನಿಕ್ ಎಂಜಿನ್ ತಯಾರಿಸಲು ಎಚ್.ಎ.ಎಲ್. ಕಟ್ಟಿಸಿದ ಕಾರ್ಖಾನೆ 2022ರ ಸೆಪ್ಟೆಂಬರ್ 27ರಂದು ಉದ್ಘಾಟನೆಯಾದದ್ದೂ ಆ ಊರಿನಲ್ಲೇ. ಅವಳು ಓದುತ್ತಿರುವುದು ಶಾಖದ ಓಡಾಟದ ಬಗ್ಗೆ. ಮುಂದಿನ ರಾಕೆಟ್ಟುಗಳಿಗೆ ಇರುವ ತೊಡಕನ್ನು ಊರಿಗೆ ಬಂದಾಗಲೆಲ್ಲ ಕ್ಯಾನಿನ ಪಕ್ಕ ಕುಳಿತು ಅಪ್ಪನಿಗೆ ಹೇಳುತ್ತಾಳೆ.

ಇದುವರೆಗೆ ರಾಕೆಟ್ಟುಗಳು ಅತಿಶೀತ ಇಂಧನವನ್ನು ಹೆಚ್ಚಾಗಿ ನಿಮಿಷಗಳ, ಗಂಟೆಗಳ ಲೆಕ್ಕದಲ್ಲಿ ಕಾಪಾಡಿಕೊಂಡಿವೆ. ಮುಂದೆ ಚಂದ್ರನಿಗೆ ಜನ ಹೋಗಿ ಬರಬೇಕಾದರೆ ದಿನಗಟ್ಟಲೆ, ಮಂಗಳಕ್ಕಾದರೆ ತಿಂಗಳುಗಟ್ಟಲೆ ಕಾಪಾಡಬೇಕು. ಅಲ್ಲಿಗೆ ಒಕ್ಕೂಟದ ಗಾಡಿ ಬರುವುದಿಲ್ಲ. ಒಂದು ಕಡೆ ಬಿಸಿಲು ಸುಡುತ್ತಿರುತ್ತದೆ, ಭೂಮಿಯ ಹತ್ತಿರವಿದ್ದರೆ ಅದರ ಶಾಖವೂ ತಟ್ಟುತ್ತದೆ. ತೂಕವಿಲ್ಲದ ಆ ಸ್ಥಿತಿಯಲ್ಲಿ ದ್ರವ ತಳದಲ್ಲಿ ನಿಲ್ಲುವುದಿಲ್ಲ. ಗೋಡೆಗೆ ಅಂಟಿಕೊಳ್ಳುತ್ತದೆ, ಉಂಡೆಯಾಗಿ ತೇಲುತ್ತದೆ.

‘ಹಂಗಾದ್ರೆ ಕಡ್ಡಿ ಎಲ್ಲಿ ಅದ್ತಾರೆ?’ ಎಂದು ಅಪ್ಪ ಕೇಳಿದ್ದರು.

ಅದು ಎಂಜಿನಿಯರುಗಳೂ ಕೇಳುತ್ತಿರುವ ಪ್ರಶ್ನೆಯೇ. ತಳವೇ ಇಲ್ಲದ ಕಡೆ ಮಟ್ಟ ಅಳೆಯುವುದು ಹೇಗೆ? ಮುಚ್ಚಳ ಸಡಿಲಿಸಿದರೆ ಆವಿಯ ಬದಲು ದ್ರವವೇ ಹೊರಗೆ ಹೋದರೆ? 1969ರಲ್ಲಿ ಅಪೊಲೊ-11ನ್ನು ಚಂದ್ರನತ್ತ ನೂಕಿದ ಮೂರನೆಯ ಹಂತ ಒಮ್ಮೆ ಉರಿದು, ಸುಮಾರು ಎರಡೂವರೆ ಗಂಟೆ ಭೂಮಿಯನ್ನು ಸುತ್ತಿ, ಮತ್ತೆ ಉರಿಯಬೇಕಿತ್ತು. ಆ ನಡುವೆ ಕುದಿದು ಬಂದ ಜಲಜನಕದ ಆವಿಯನ್ನು ಹಿಂದಕ್ಕೆ ಮೆಲ್ಲಗೆ ಬಿಡುತ್ತಲೇ ಇದ್ದರು. ಆ ಸಣ್ಣ ಉಸಿರಿನ ನೂಕಿಗೆ ರಾಕೆಟ್ ತುಸು ಮುಂದೆ ಸರಿಯುತ್ತಿತ್ತು, ದ್ರವ ತಳಕ್ಕೆ ಬಂದು ಕೂರುತ್ತಿತ್ತು. ಪೋಲಾಗಿ ಹೋಗಬೇಕಾದ ಆವಿಯೇ ಉಳಿದದ್ದನ್ನು ಜಾಗದಲ್ಲಿ ಹಿಡಿದಿಟ್ಟಿತು.

ಇನ್ನೂ ಹೆಚ್ಚು ಕಾಲಕ್ಕೆ ಅಷ್ಟು ಸಾಲದು. ತೊಟ್ಟಿಗೆ ಹೊಳೆಯುವ ತೆಳು ಹಾಳೆಗಳನ್ನು ಪದರ ಪದರವಾಗಿ ಸುತ್ತಬೇಕು. ಬಿಸಿಲಿಗೆ ಬೆನ್ನು ಮಾಡಿ ನಿಲ್ಲಿಸಬೇಕು. ಹೊರಹೋಗುವ ತಣ್ಣನೆಯ ಆವಿಯನ್ನು ತೊಟ್ಟಿಯ ಸುತ್ತ ಹಾಯಿಸಿ, ಬರುತ್ತಿರುವ ಶಾಖವನ್ನು ದಾರಿಯಲ್ಲೇ ಹಿಡಿಯಬೇಕು. ಕಡೆಗೆ ತೊಟ್ಟಿಗೇ ತಂಪು ಯಂತ್ರ ಜೋಡಿಸಿ, ಒಳಬರುವಷ್ಟು ಶಾಖವನ್ನು ಹೊರದೂಡಿ, ಒಂದು ತೊಟ್ಟೂ ಆವಿಯಾಗದಂತೆ ಮಾಡುವ ಪ್ರಯತ್ನವೂ ನಡೆದಿದೆ. ಜಲಜನಕದ ಬದಲು, ಸೊನ್ನೆಗಿಂತ 161 ಡಿಗ್ರಿ ಕೆಳಗೆ ದ್ರವವಾಗಿ ನಿಲ್ಲುವ ಮೀಥೇನ್ ಬಳಸಿದರೆ ಕಾವಲು ಸ್ವಲ್ಪ ಸುಲಭ. ಕೇಂದ್ರ ಸಂಪುಟ 2024ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಕೊಟ್ಟ, ಭೂಮಿಯ ಸಮೀಪದ ಕಕ್ಷೆಗೆ 30 ಟನ್ ಒಯ್ಯಬಲ್ಲ ಹೊಸ ರಾಕೆಟ್ಟಿನಲ್ಲಿ ಆಮ್ಲಜನಕದ ಜೊತೆಗೆ ಮೀಥೇನನ್ನು ಉರಿಸುವ ಯೋಜನೆ ಇಸ್ರೊದ್ದು.

ಇಷ್ಟೆಲ್ಲ ಕೇಳಿದ ಮೇಲೆ ಅಪ್ಪ ಒಂದೇ ಮಾತು ಹೇಳಿದ್ದರಂತೆ: ‘ಏನೇ ಯಂತ್ರ ಇಟ್ರೂ, ಸಂಜೆ ಒಂದ್ಸಲ ಯಾರಾದ್ರೂ ನೋಡ್ಬೇಕು ಬುಡು.’

ಮೊನ್ನೆ ದೀಪಾವಳಿಗೆ ಬಂದಾಗ ಮಗಳೇ ಕಡ್ಡಿ ಅದ್ದಿದಳು. ಗಾಳಿಯಲ್ಲಿ ಆಡಿಸಿ, ಹಿಮದ ಗೆರೆ ನೋಡಿ, ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಳು. ಗೆರೆ ಸಾಕಷ್ಟು ಮೇಲಿತ್ತು. ಮುಚ್ಚಳವನ್ನು ಮತ್ತೆ ಕುತ್ತಿಗೆಯ ಮೇಲೆ ಇಡುವಾಗ ಅಪ್ಪ ಅಭ್ಯಾಸಬಲದಿಂದ ಎಚ್ಚರಿಸಿದರು.

‘ಬಿಗಿ ಮಾಡ್ಬೇಡ.’

‘ಗೊತ್ತಪ್ಪಾ’ ಎಂದಳು ಮಗಳು.